ಹಿಂಗಾರಿಗೆ ಬರುವ ಗಿಡುಗಗಳನ್ನು ಎಣಿಸಿ: ನಿಮ್ಮ ಹೊಲದ ಲೆಕ್ಕವೂ ಅದರಲ್ಲೇ ಇದೆ



ಚಿತ್ತಿ ಮಳೆ ಮುಗಿಯುತ್ತಾ ಬಂತು. ಎರೆ ಹೊಲದಲ್ಲಿ ಹದ ನೋಡಿಕೊಂಡು ಬಿಳಿಜೋಳ, ಕಡಲೆ ಬಿತ್ತುವ ಗಡಿಬಿಡಿ ನಿಮಗೆ ಇದ್ದೇ ಇದೆ. ಇದೇ ಹೊತ್ತಿಗೆ ನಮ್ಮ ಹೊಲಗಳ ಮೇಲೆ ಇನ್ನೊಂದು ಗುಂಪು ಬಂದು ಇಳಿಯುತ್ತದೆ. ಬಿತ್ತಿದ ಹೊಲದ ಮೇಲೆ, ಆಳೆತ್ತರದಲ್ಲಿ, ರೆಕ್ಕೆ ಹೆಚ್ಚು ಬಡಿಯದೆ ಅತ್ತಿತ್ತ ವಾಲಾಡುತ್ತಾ ತೇಲಿಹೋಗುವ ತೆಳ್ಳಗಿನ ಉದ್ದ ಬಾಲದ ಹಕ್ಕಿಯನ್ನು ನೀವು ನೋಡಿಯೇ ಇರ್ತೀರಿ. ಊರಲ್ಲಿ ಕೇಳಿದರೆ "ಯಾವುದೋ ಗಿಡುಗ" ಅಂತಾರೆ. ಆ ಗಿಡುಗ ನಮ್ಮೂರಿನದಲ್ಲ. ಕಜಕಸ್ತಾನ ಮತ್ತು ರಷ್ಯಾದ ಹುಲ್ಲು ಬಯಲುಗಳಲ್ಲಿ ಹುಟ್ಟಿ, ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಹಾರಿ, ಚಳಿಗಾಲ ಕಳೆಯಲು ಇಲ್ಲಿಗೆ ಬಂದಿರುವ ಅತಿಥಿ ಅದು.

ಶೀಗೆ ಹುಣ್ಣಿಮೆ ಹೊತ್ತಿಗೆ ಬಂದು, ಎಳ್ಳಮಾಸಿಯ ಚರಗ ಚೆಲ್ಲುವಾಗ ನಮ್ಮ ಜೊತೆ ಹೊಲದಲ್ಲೇ ಇದ್ದು, ಹೋಳಿ ಹುಣ್ಣಿಮೆ ಆಸುಪಾಸಿಗೆ ಹೊರಡಲು ಶುರು ಮಾಡುತ್ತದೆ. ಅಂದರೆ ನಮ್ಮ ಹಿಂಗಾರಿ ಬೆಳೆ ಮತ್ತು ಈ ಹಕ್ಕಿಯ ಪ್ರವಾಸ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಕ್ಯಾಲೆಂಡರ್.

ಈ ವಾರದ ಲೇಖನ ಈ ಹಕ್ಕಿಗಳನ್ನು ನೋಡೋದು ಹೇಗೆ, ಎಣಿಸೋದು ಹೇಗೆ, ಎಣಿಸಿದ್ದರಿಂದ ನಮಗೇನು ಅನ್ನೋದರ ಬಗ್ಗೆ. "ಹಕ್ಕಿ ಎಣಿಸ್ತಾ ಕೂತ್ರೆ ಹೊಲದ ಕೆಲಸ ಯಾರು ಮಾಡ್ತಾರ್ರೀ?" ಅಂತ ಕೇಳಬಹುದು. ಹದಿನೈದು ದಿನಕ್ಕೊಮ್ಮೆ ಒಂದು ಸಂಜೆ, ಎರಡು ತಾಸು ಸಾಕು. ಆ ಎರಡು ತಾಸಿನ ಲೆಕ್ಕ ಏನೆಲ್ಲ ಮಾಡಬಲ್ಲದು ಅನ್ನೋದನ್ನ ಮುಂದೆ ಓದಿ.

ಇದು ಯಾವ ಗಿಡುಗ?

ಇಂಗ್ಲಿಷಿನಲ್ಲಿ ಇವಕ್ಕೆ ಹ್ಯಾರಿಯರ್ ಅನ್ನುತ್ತಾರೆ. ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಸೆಳೆವ ಎಂಬ ಹೆಸರಿದೆ. ನಮ್ಮ ಬಯಲುಸೀಮೆಯಲ್ಲಿ ಮುಖ್ಯವಾಗಿ ಮೂರು ಬಗೆ ಕಾಣಸಿಗುತ್ತವೆ.

ಮೊಂಟಾಗು ಹ್ಯಾರಿಯರ್: ಗಂಡು ಬೂದು ಬಣ್ಣ, ರೆಕ್ಕೆಯ ತುದಿ ಕಪ್ಪು. ರೆಕ್ಕೆಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಕಪ್ಪು ಗೆರೆ ಎಳೆದಂತಿರುತ್ತದೆ. ಆ ಗೆರೆಯೇ ಗುರುತು.

ಪ್ಯಾಲಿಡ್ ಹ್ಯಾರಿಯರ್: ಗಂಡು ಇನ್ನೂ ಬಿಳಿಚು, ದೂರದಿಂದ ನೋಡಿದರೆ ಬೆಳ್ಳಗೇ ಕಾಣುತ್ತದೆ. ರೆಕ್ಕೆಯ ತುದಿಯಲ್ಲಿ ಬೆಣೆಯ ಆಕಾರದ ಚಿಕ್ಕ ಕಪ್ಪು ಗುರುತು ಮಾತ್ರ. ಜಗತ್ತಿನಲ್ಲಿ ಅಪಾಯದ ಅಂಚಿಗೆ ಬಂದಿರುವ ಹಕ್ಕಿಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಜೌಗು ಸೆಳೆವ: ಇದು ದೊಡ್ಡದು, ಗಾಢ ಕಂದು. ಹೆಣ್ಣಿನ ತಲೆ ಕೆನೆ ಬಣ್ಣ. ಕೆರೆ ಅಂಗಳ, ಭತ್ತದ ಗದ್ದೆ, ಜೊಂಡು ಇರುವ ಕಡೆ ಹೆಚ್ಚು.

ಮೊದಲ ಎರಡು ಬಗೆಯ ಹೆಣ್ಣು ಮತ್ತು ಮರಿಗಳು ಕಂದು ಬಣ್ಣ. ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇರುತ್ತದೆ. ಇವುಗಳಲ್ಲಿ ಯಾವುದು ಯಾವ ಜಾತಿ ಅಂತ ಹೇಳೋದು ಪಳಗಿದವರಿಗೂ ಕಷ್ಟ. ಅದಕ್ಕೇ ಎಣಿಸುವವರು ಇವನ್ನೆಲ್ಲ ಸೇರಿಸಿ "ರಿಂಗ್‌ಟೇಲ್" ಅಂತ ಬರೆದುಕೊಳ್ಳುತ್ತಾರೆ. ನೀವೂ ಹಾಗೇ ಬರೀರಿ, ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಬೇರೆ ಹಕ್ಕಿಗಳ ಜೊತೆ ಗೊಂದಲ ಆಗಬಾರದು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತರೆ ಅದು ಚಾಣ ಅಥವಾ ರಾಮದಾಸ ಹದ್ದು. ಎತ್ತರದಲ್ಲಿ ಸುತ್ತು ಹೊಡೆಯುತ್ತಿದ್ದರೆ, ಬಾಲ ಕವಲೊಡೆದಿದ್ದರೆ ಅದು ಊರಿನ ಹದ್ದು. ಸೆಳೆವ ಹಾರೋದೇ ಬೇರೆ ರೀತಿ. ರೆಕ್ಕೆಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ತುಸು ಮೇಲೆತ್ತಿ, ಬೆಳೆಯ ತುದಿ ಸವರುವಂತೆ ಹೋಗುತ್ತದೆ. ಗೂಬೆಗೆ ಇರುವ ಹಾಗೆ ಇದರ ಮುಖವೂ ತಟ್ಟೆಯಂತಿದೆ. ಹುಲ್ಲಿನೊಳಗೆ ಇಲಿ, ಮಿಡತೆ ಸರಿದಾಡುವ ಸದ್ದನ್ನು ಹಿಡಿಯಲು ಆ ಮುಖ ನೆರವಾಗುತ್ತದೆ. ಸದ್ದು ಕೇಳಿದರೆ ಗಕ್ಕನೆ ತಿರುಗಿ ಕೆಳಕ್ಕೆ ಬೀಳುತ್ತದೆ.

ಏನು ತಿನ್ನುತ್ತದೆ?

ಮಿಡತೆ, ಜೀರುಂಡೆ, ಇಲಿ, ಓತಿಕೇತ, ನೆಲದ ಮೇಲಿರುವ ಚಿಕ್ಕ ಹಕ್ಕಿಗಳು. ಮೊಂಟಾಗು ಹ್ಯಾರಿಯರ್‌ಗೆ ನಮ್ಮ ದೇಶದಲ್ಲಿರುವಾಗ ಮಿಡತೆಯೇ ಮುಖ್ಯ ಊಟ. ಪ್ಯಾಲಿಡ್ ಹ್ಯಾರಿಯರ್ ಚಿಕ್ಕ ಹಕ್ಕಿಗಳನ್ನೂ ಸಾಕಷ್ಟು ಹಿಡಿಯುತ್ತದೆ.

"ಕೋಳಿಮರಿ ಒಯ್ಯುತ್ತೆ" ಅಂತ ಕೆಲವರು ಕಲ್ಲು ಬೀಸುತ್ತಾರೆ. ಗಂಡು ಮೊಂಟಾಗು ಹ್ಯಾರಿಯರ್ ತೂಗುವುದೇ 300 ಗ್ರಾಂ ಆಸುಪಾಸು. ಅದು ಊರೊಳಗೆ ಬರುವ ಹಕ್ಕಿಯಲ್ಲ, ಬಯಲಿನ ಹಕ್ಕಿ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವಕ್ಕೆ ರಕ್ಷಣೆ ಇದೆ. ಹೊಡೆಯೋದು, ಹಿಡಿಯೋದು ಅಪರಾಧ.

ಒಂದು ಮಾತು ನೇರವಾಗಿ ಹೇಳಿಬಿಡ್ತೀವಿ. ಹತ್ತು ಗಿಡುಗ ಬಂದವು ಅಂತ ಕೀಟದ ಕಾಟ ಪೂರ್ತಿ ನಿಲ್ಲುವುದಿಲ್ಲ. ಮಿಡತೆ ಹಿಂಡು ಎದ್ದಾಗ ಇವು ಮಾತ್ರ ಸಾಕಾಗುವುದಿಲ್ಲ. ಆದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ದಿನಾ ಹೊಲದ ಮೇಲೆ ಗಸ್ತು ತಿರುಗುವ ಕೂಲಿಯಿಲ್ಲದ ಕಾವಲುಗಾರ ಇದು. ಕಡಲೆ ಹೊಲದಲ್ಲಿ ಕಾಯಿಕೊರಕಕ್ಕೆ ಟಿ ಆಕಾರದ ಕೋಲು ನೆಟ್ಟು, ಚುರುಮುರಿ ಚೆಲ್ಲಿ ಹಕ್ಕಿ ಕರೆಯುವುದು ನಮ್ಮಲ್ಲಿ ಅನೇಕರಿಗೆ ರೂಢಿ. ಕಾಜಾಣ, ಗೊರವಂಕಕ್ಕೆ ಆ ಕೋಲು ಸಾಕು. ಸೆಳೆವಕ್ಕೆ ಕೋಲಿನಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದ್ದು ರಾತ್ರಿ ಮಲಗಲು ಮೊಣಕಾಲೆತ್ತರದ ಹುಲ್ಲು. ಇಡೀ ಲೇಖನದ ಗುಟ್ಟು ಇರೋದು ಆ ಹುಲ್ಲಿನಲ್ಲೇ.

ರಾತ್ರಿ ಎಲ್ಲಿ ಮಲಗುತ್ತವೆ?

ಬಹಳ ಜನಕ್ಕೆ ಗೊತ್ತಿರದ ಸಂಗತಿ ಇದು. ಈ ಗಿಡುಗಗಳು ಮರದ ಮೇಲೆ ಮಲಗುವುದಿಲ್ಲ. ಹಗಲೆಲ್ಲ ಒಂದೊಂದು ಒಂದೊಂದು ದಿಕ್ಕಿಗೆ ಬೇಟೆಗೆ ಹೋಗಿ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಎಲ್ಲವೂ ಒಂದೇ ಹುಲ್ಲುಗಾವಲಿಗೆ ಬಂದು ಸೇರುತ್ತವೆ. ಹುಲ್ಲಿನ ನಡುವೆ ನೆಲದ ಮೇಲೆ, ಮೊಲ ಮಲಗಿದ ಹಾಗೆ ಚಿಕ್ಕ ಗುಳಿ ಮಾಡಿಕೊಂಡು ರಾತ್ರಿ ಕಳೆಯುತ್ತವೆ. ಅನುಕೂಲವಾದ ಜಾಗ ಸಿಕ್ಕಿದರೆ ವರ್ಷ ವರ್ಷವೂ ಅಲ್ಲಿಗೇ ಬರುತ್ತವೆ. ಇಂಥ ಜಾಗವನ್ನು ತಂಗುದಾಣ ಅನ್ನೋಣ.

ಗುಜರಾತಿನ ಭಾವನಗರದ ಹತ್ತಿರ ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನವಿದೆ. 1990ರ ದಶಕದಲ್ಲಿ ಅಲ್ಲಿನ ಹುಲ್ಲಿನಲ್ಲಿ ಒಂದೇ ಸಂಜೆ ಸಾವಿರಕ್ಕೂ ಹೆಚ್ಚು ಸೆಳೆವಗಳನ್ನು ಎಣಿಸಿದ್ದರು. ಜಗತ್ತಿನಲ್ಲೇ ದೊಡ್ಡ ತಂಗುದಾಣಗಳಲ್ಲಿ ಅದೊಂದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲಿಗೆ ಇವು ಬರುವುದು ಪಕ್ಷಿ ವೀಕ್ಷಕರಿಗೆಲ್ಲ ಗೊತ್ತು. ಅದು ಬಿಟ್ಟರೆ ಉತ್ತರ ಕರ್ನಾಟಕದ ಎರೆ ಬಯಲು, ಚಿತ್ರದುರ್ಗ ಮತ್ತು ತುಮಕೂರು ಕಡೆಯ ಅಮೃತ್ ಮಹಲ್ ಕಾವಲುಗಳು, ಊರೂರಿನ ಗೋಮಾಳಗಳು ಇವಕ್ಕೆ ಹೇಳಿಮಾಡಿಸಿದ ಜಾಗ. ಇವುಗಳಲ್ಲಿ ಎಷ್ಟೋ ಕಡೆ ಯಾರೂ ಎಣಿಸಿಯೇ ಇಲ್ಲ. ನಿಮ್ಮೂರ ಕಾವಲಲ್ಲಿ ಎಷ್ಟು ಮಲಗುತ್ತವೆ ಅಂತ ಗೊತ್ತಾಗಬೇಕಾದರೆ ನೀವೇ ಹೋಗಿ ನೋಡಬೇಕು.

ಎಣಿಸಿದ್ದರಿಂದ ಆಗಿದ್ದೇನು?

ಎರಡು ನಿಜ ಸಂಗತಿ ಹೇಳ್ತೀವಿ. ಎರಡೂ ಅಮೆರಿಕ ಖಂಡದ್ದು, ಆದರೆ ಎರಡೂ ರೈತರಿಗೆ ಸಂಬಂಧಪಟ್ಟದ್ದು.

ಮೊದಲನೆಯದು ಪೆನ್ಸಿಲ್ವೇನಿಯಾ ರಾಜ್ಯದ ಹಾಕ್ ಮೌಂಟನ್ ಎಂಬ ಬೆಟ್ಟದ್ದು. ಪ್ರತಿ ಶರತ್ಕಾಲ ಉತ್ತರದಿಂದ ದಕ್ಷಿಣಕ್ಕೆ ವಲಸೆ ಹೋಗುವ ಗಿಡುಗಗಳು ಆ ಬೆಟ್ಟದ ಸಾಲು ಹಿಡಿದು ಹಾರುತ್ತವೆ. ಜನ ಬೆಟ್ಟದ ಮೇಲೆ ಬಂದೂಕು ಹಿಡಿದು ನಿಂತು ಸಾಲುಸಾಲಾಗಿ ಹೊಡೆದು ಬೀಳಿಸುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಕಾವಲಿಗೆ ಇಟ್ಟ ಮಾರಿಸ್ ಬ್ರೌನ್ ಎಂಬಾತ ಹಾರಿಹೋಗುವ ಹಕ್ಕಿಗಳನ್ನು ಎಣಿಸಿ ಬರೆದಿಡಲು ಶುರು ಮಾಡಿದರು. ಆಗ ಅದು ಯಾತಕ್ಕೆ ಉಪಯೋಗ ಅಂತ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಆ ಪುಸ್ತಕ ತಿರುವಿದಾಗ, ಹಾರಿಹೋಗುವ ಬಾಲ್ಡ್ ಈಗಲ್‌ಗಳಲ್ಲಿ ಮರಿಗಳ ಪಾಲು ಕುಸಿದಿರುವುದು ಕಂಡಿತು. ದೊಡ್ಡ ಹಕ್ಕಿ ಇವೆ, ಮರಿಗಳಿಲ್ಲ. 1962ರಲ್ಲಿ ರೇಚಲ್ ಕಾರ್ಸನ್ ಕೀಟನಾಶಕಗಳ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಈ ಲೆಕ್ಕವನ್ನು ಸಾಕ್ಷಿಯಾಗಿ ಬಳಸಿಕೊಂಡರು. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆದುಹೋಗುತ್ತಿತ್ತು ಅನ್ನೋದು ಮುಂದೆ ಸಾಬೀತಾಯಿತು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು, ಯಾಕಂದ್ರೆ ಅದರಲ್ಲಿ ಬರುವ ಔಷಧಿಯ ಹೆಸರು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಸ್ವೇನ್ಸನ್ಸ್ ಹಾಕ್ ಎಂಬ ಗಿಡುಗ ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಶರತ್ಕಾಲದಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾಕ್ಕೆ ಹೋಗುತ್ತದೆ. ಅಲ್ಲಿ ಅದರ ಊಟ ಹೊಲದ ಮಿಡತೆ. 1990ರ ದಶಕದ ಶುರುವಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ವರ್ಷಾ ವರ್ಷ ಈ ಹಕ್ಕಿಗಳ ಲೆಕ್ಕ ಇಡುತ್ತಿದ್ದ ಬ್ರಯಾನ್ ವುಡ್‌ಬ್ರಿಜ್ ಎಂಬ ವಿಜ್ಞಾನಿಗೆ, ಹೋದ ಹಕ್ಕಿಗಳಲ್ಲಿ ಎಷ್ಟೋ ತಿರುಗಿ ಬರುತ್ತಿಲ್ಲ ಅನ್ನೋದು ಗಮನಕ್ಕೆ ಬಂತು. ಕೆಲವು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಚಿಕ್ಕ ಯಂತ್ರ ಕಟ್ಟಿ, ಅದು ತೋರಿಸಿದ ಜಾಗಕ್ಕೆ ಹೋಗಿ ನೋಡಿದರೆ ಅರ್ಜೆಂಟೀನಾದ ಹೊಲಗಳಲ್ಲಿ ಗಿಡುಗಗಳು ರಾಶಿರಾಶಿ ಸತ್ತು ಬಿದ್ದಿದ್ದವು. ಮಿಡತೆಗೆ ಅಂತ ರೈತರು ಹೊಡೆದಿದ್ದು ಮೊನೊಕ್ರೊಟೊಫಾಸ್. ವಿಷ ತಾಗಿದ ಮಿಡತೆ ತಿಂದ ಗಿಡುಗ ಅಲ್ಲೇ ಬೀಳುತ್ತಿತ್ತು. 1995-96ರ ಒಂದೇ ಹಂಗಾಮಿನಲ್ಲಿ ಸಿಕ್ಕ ಹೆಣಗಳೇ ಸುಮಾರು 5,000. ಒಟ್ಟು ಸತ್ತಿದ್ದು 20,000 ಇರಬಹುದು ಅಂತ ಅಂದಾಜು ಮಾಡಿದರು. ಆ ಮೇಲೆ ಅಲ್ಲಿನ ಸರ್ಕಾರ, ರೈತರು, ಔಷಧಿ ಕಂಪನಿ ಕೂತು ಮಾತಾಡಿ ಅದರ ಬಳಕೆ ನಿಲ್ಲಿಸಿದರು. ಸಾವೂ ನಿಂತಿತು.

ಇಲ್ಲಿ ಗಮನಿಸಿ: ಮಿಡತೆ ತಿಂದು ರೈತನಿಗೆ ನೆರವಾಗುತ್ತಿದ್ದ ಹಕ್ಕಿಯನ್ನೇ, ಮಿಡತೆಗೆ ಹೊಡೆದ ವಿಷ ಕೊಂದಿತು. ಮುಂದಿನ ವರ್ಷ ಮಿಡತೆ ತಿನ್ನೋಕೆ ಉಳಿಯೋದು ಯಾರು? ಮತ್ತು ಈ ಅನಾಹುತ ಹೊರಬಿದ್ದದ್ದು ಒಬ್ಬರು ವರ್ಷ ವರ್ಷ ಎಣಿಸುತ್ತಿದ್ದರು ಅನ್ನೋ ಒಂದೇ ಕಾರಣಕ್ಕೆ. ಎಣಿಸದೇ ಇದ್ದಿದ್ದರೆ "ಈಚೆಗೆ ಗಿಡುಗ ಕಮ್ಮಿ ಆಗ್ಯಾವಲ್ಲ" ಅಂತ ಕಟ್ಟೆ ಮೇಲೆ ಮಾತಾಡಿ ಮರೆತುಬಿಡುತ್ತಿದ್ದರು.

ನಮ್ಮ ದೇಶದ ಲೆಕ್ಕ ಏನು ಹೇಳುತ್ತದೆ?

ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ.ಬಿ. ಪ್ರಶಾಂತ್ ದೇಶದ ಬೇರೆ ಬೇರೆ ತಂಗುದಾಣಗಳಲ್ಲಿ ಮೂವತ್ತು ವರ್ಷಗಳಲ್ಲಿ ನಡೆದ ಎಣಿಕೆಗಳನ್ನೆಲ್ಲ ಒಟ್ಟು ಸೇರಿಸಿ 2018ರಲ್ಲಿ ಪ್ರಕಟಿಸಿದರು. ಚಳಿಗಾಲಕ್ಕೆ ಬರುವ ಸೆಳೆವಗಳ ಸಂಖ್ಯೆ ಇಳಿಯುತ್ತಿದೆ ಅನ್ನೋದು ಅದರ ಸಾರ. ನಮ್ಮ ಬಳ್ಳಾರಿ, ರಾಯಚೂರಿಗೆ ದೂರವಿಲ್ಲದ ಕರ್ನೂಲು ಸೀಮೆಯ ರೋಳ್ಳಪಾಡು ಹುಲ್ಲುಗಾವಲು ಒಂದು ಕಾಲಕ್ಕೆ ಈ ಹಕ್ಕಿಗಳಿಗೆ ಹೆಸರುವಾಸಿ. ಅಲ್ಲೂ ಸಂಖ್ಯೆ ತೀರಾ ಕುಸಿದಿದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸರ್ಕಾರಿ ಕಾಗದದಲ್ಲಿ ಹುಲ್ಲುಗಾವಲು ಅಂದರೆ "ಬೀಳು", "ಪಾಳು". ಹಾಗಾಗಿ ಏನು ಬಂದರೂ ಮೊದಲು ಕಣ್ಣು ಬೀಳೋದು ಅದರ ಮೇಲೆ. ನೀಲಗಿರಿ ತೋಪು, ಲೇಔಟು, ಸೋಲಾರ್ ಪಾರ್ಕು, ಒತ್ತುವರಿ. ಉಳಿದದ್ದಕ್ಕೆ ಚಳಿಗಾಲದಲ್ಲಿ ಬೆಂಕಿ. ದನ ಕುರಿ ಇರುವವರಿಗೆ ಈ ನಷ್ಟ ಹೇಳಿಕೊಡಬೇಕಿಲ್ಲ. ಗಿಡುಗ ಮಲಗುವ ಹುಲ್ಲು, ನಮ್ಮ ಕುರಿ ಮೇಯುವ ಹುಲ್ಲು ಎರಡೂ ಒಂದೇ.

ಎಣಿಸೋದು ಹೇಗೆ? ಹಂತ ಹಂತವಾಗಿ

1. ಜಾಗ ಪತ್ತೆ ಮಾಡಿ. ಸಂಜೆ ಐದರ ಮೇಲೆ ಸೆಳೆವಗಳು ಬೇಟೆ ಬಿಟ್ಟು ಒಂದೇ ದಿಕ್ಕಿಗೆ ಹೋಗುವುದು ಕಂಡರೆ ಆ ದಿಕ್ಕು ಗುರುತು ಹಾಕಿಕೊಳ್ಳಿ. ಮರುದಿನ ಸ್ವಲ್ಪ ಮುಂದೆ ಹೋಗಿ ನಿಲ್ಲಿ. ಎರಡು ಮೂರು ಸಂಜೆಯಲ್ಲಿ ತಂಗುದಾಣ ಸಿಗುತ್ತದೆ. ಕುರಿ ಕಾಯುವ ಹಿರಿಯರನ್ನು ಕೇಳಿ. "ಸಂಜಿ ಮುಂದ ಗಿಡಗ ಎಲ್ಲಿ ಇಳೀತಾವ ಕಾಕಾ?" ಅಂದರೆ ಸಾಕು, ನಿಮ್ಮ ಎರಡು ದಿನದ ಅಲೆದಾಟ ಉಳಿಯುತ್ತದೆ.

2. ಹೊತ್ತಿಗೆ ಮುಂಚೆ ಹೋಗಿ. ಅಕ್ಟೋಬರ್ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ನವೆಂಬರ್ ಕೊನೆಗೆ ಆರಕ್ಕಿಂತ ಸ್ವಲ್ಪ ಮೊದಲು. ಪೌಣೆ ಐದಕ್ಕೆಲ್ಲ ಜಾಗದಲ್ಲಿರಿ. ಸೂರ್ಯ ಮುಳುಗಿದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಹಕ್ಕಿಗಳು ಬರುತ್ತಲೇ ಇರುತ್ತವೆ. ಬೇಗ ಎದ್ದು ಬಂದರೆ ಲೆಕ್ಕ ತಪ್ಪುತ್ತದೆ.

3. ದೂರ ಕೂರಿ. ಹುಲ್ಲಿನಿಂದ ಕನಿಷ್ಠ 200 ಮೀಟರ್ ದೂರ, ಬದುವಿನ ಮೇಲೆ ಅಥವಾ ಜಾಲಿ ಮರದ ಪಕ್ಕ. ಢಾಳಾದ ಬಣ್ಣದ ಬಟ್ಟೆ ಬೇಡ. ನಾಯಿ ಕರೆದುಕೊಂಡು ಹೋಗಬೇಡಿ. ಬೈಕಿನ ಹೆಡ್‌ಲೈಟು, ಟಾರ್ಚು ಹುಲ್ಲಿನ ಕಡೆ ಬಿಡಬೇಡಿ.

4. ದಿಕ್ಕು ಹಂಚಿಕೊಳ್ಳಿ. ಮೂವರು ನಾಲ್ವರು ಇದ್ದರೆ ಒಳ್ಳೆಯದು. ಒಬ್ಬೊಬ್ಬರಿಗೆ ಒಂದು ದಿಕ್ಕು. ಕರೆಂಟು ಕಂಬ, ಒಂಟಿ ಮರ, ಗುಡ್ಡದ ತುದಿ, ಇಂಥ ಎರಡು ಗುರುತಿನ ನಡುವೆ ಕಾಣದ ಗೆರೆ ಎಳೆದುಕೊಳ್ಳಿ. ಆ ಗೆರೆ ದಾಟಿ ಒಳಗೆ ಬಂದರೆ ಕೂಡಿಸಿ, ದಾಟಿ ಹೊರಗೆ ಹೋದರೆ ಕಳೆಯಿರಿ. ಹೀಗೆ ಮಾಡದಿದ್ದರೆ ಹುಲ್ಲಿನ ಮೇಲೆ ಸುತ್ತು ಹೊಡೆಯುವ ಒಂದೇ ಹಕ್ಕಿಯನ್ನು ನಾಲ್ಕು ಸಲ ಎಣಿಸಿಬಿಡ್ತೀರಿ. ಹೊಸಬರ ಲೆಕ್ಕ ಕೆಡೋದು ಹೆಚ್ಚಾಗಿ ಇಲ್ಲೇ.

5. ಹತ್ತು ನಿಮಿಷಕ್ಕೊಂದು ಸಾಲು ಬರೀರಿ. ಗಂಡು ಎಷ್ಟು, ರಿಂಗ್‌ಟೇಲ್ ಎಷ್ಟು, ಜೌಗು ಸೆಳೆವ ಎಷ್ಟು, ಗುರುತು ಸಿಗದ್ದು ಎಷ್ಟು. ಬೆಳಕು ಕಮ್ಮಿಯಾದ ಮೇಲೆ ಜಾತಿ ಹುಡುಕುವ ಗೋಜಿಗೆ ಹೋಗದೆ "ಸೆಳೆವ" ಅಂತಷ್ಟೇ ಬರೀರಿ.

6. ಕೊನೆಗೆ ಕೂಡಿಸಿ. ಎಣಿಸುವಾಗ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಹೇಳಬೇಡಿ. ಒಬ್ಬರು ಹೇಳಿದ್ದು ಕೇಳಿದರೆ ಇನ್ನೊಬ್ಬರ ಲೆಕ್ಕವೂ ಅದರ ಕಡೆಗೇ ವಾಲುತ್ತದೆ. ಒಂದೇ ದಿಕ್ಕನ್ನು ಇಬ್ಬರು ನೋಡಿ ಬೇರೆ ಬೇರೆ ಸಂಖ್ಯೆ ಬಂದರೆ ಎರಡನ್ನೂ ಬರೆದಿಡಿ.

7. ಮತ್ತೆ ಹೋಗಿ. ಅದೇ ಜಾಗ, ಅದೇ ಹೊತ್ತು, ಹದಿನೈದು ದಿನಕ್ಕೊಮ್ಮೆ, ಮಾರ್ಚ್‌ವರೆಗೆ. ಒಂದು ಹಕ್ಕಿಯೂ ಬರಲಿಲ್ಲ ಅಂದರೂ "ಸೊನ್ನೆ" ಅಂತ ಬರೀರಿ. ಹತ್ತು ವರ್ಷ ಕಳೆದ ಮೇಲೆ ಆ ಸೊನ್ನೆಗೂ ಬೆಲೆ ಇರುತ್ತದೆ.

ಬರೆದುಕೊಳ್ಳಲು ಒಂದು ಮಾದರಿ ಹೀಗಿರಲಿ:

ದಿನಾಂಕ, ಜಾಗ, ಎಣಿಸಿದವರು ಎಷ್ಟು ಜನ
ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು
ಗಾಳಿ, ಮೋಡ
ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು
ಹುಲ್ಲಿನ ಎತ್ತರ (ಪಾದ, ಮೊಣಕಾಲು, ಸೊಂಟ)
ಸುತ್ತಲ ಬೆಳೆ, ಬೆಂಕಿ ಬಿದ್ದಿದೆಯೇ, ಔಷಧಿ ಹೊಡೆದಿದ್ದಾರೆಯೇ

ಮೊಬೈಲ್ ಹೇಗೆ ಬಳಸಬೇಕು?

ಇ-ಬರ್ಡ್ ಅನ್ನೋ ಉಚಿತ ಆ್ಯಪ್ ಇದೆ. ಜಾಗ, ಹೊತ್ತು ಅದೇ ಹಿಡಿದುಕೊಳ್ಳುತ್ತದೆ. ಒಂದೇ ಕಡೆ ಕೂತು ಎಣಿಸುವಾಗ "ಸ್ಟೇಷನರಿ" ಅಂತ ಆಯ್ಕೆ ಮಾಡಿ. ಮೊಂಟಾಗು, ಪ್ಯಾಲಿಡ್ ಎರಡರಲ್ಲಿ ಯಾವುದು ಅಂತ ಖಚಿತ ಆಗದಿದ್ದರೆ ಎರಡೂ ಹೆಸರು ಸೇರಿಸಿದ ಆಯ್ಕೆಯೇ ಅದರಲ್ಲಿದೆ. ಕಾವಲಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಮನೆಗೆ ಬಂದು ಕಳಿಸಿದರಾಯ್ತು. ನೀವು ಕಳಿಸಿದ ಲೆಕ್ಕವನ್ನು ಸಂಶೋಧಕರು ಬಳಸಿಕೊಳ್ಳಬಹುದು.

ಗುರುತು ಹಿಡಿಯಲು ಮರ್ಲಿನ್ ಆ್ಯಪ್ ಇದೆ, ಫೋಟೋ ಕೊಟ್ಟರೆ ಹೆಸರು ಸೂಚಿಸುತ್ತದೆ. ದನಿ ಕೇಳಿ ಗುರುತು ಹಿಡಿಯುವ ಸೌಲಭ್ಯ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಯಾಕಂದ್ರೆ ಚಳಿಗಾಲದಲ್ಲಿ ಸೆಳೆವ ಕೂಗುವುದೇ ಅಪರೂಪ.

ಎಣಿಸುವಾಗ ಕಣ್ಣು ಪರದೆ ಮೇಲೆ ಇರಬಾರದು. ವಾಯ್ಸ್ ರೆಕಾರ್ಡರ್ ಹಚ್ಚಿ ಜೇಬಲ್ಲಿಟ್ಟು, "ಗಂಡು ಒಂದು ಒಳಗೆ... ರಿಂಗ್‌ಟೇಲ್ ಎರಡು ಒಳಗೆ... ಒಂದು ಹೊರಗೆ" ಅಂತ ಮೆಲ್ಲಗೆ ಹೇಳುತ್ತಾ ಹೋಗಿ. ರಾತ್ರಿ ಊಟ ಆದ ಮೇಲೆ ಕೇಳಿಕೊಂಡು ಬರೆದುಕೊಳ್ಳಿ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬಯಲಿನಲ್ಲಿ ಬರಿಗಣ್ಣಿಗೇ ಕಾಣುತ್ತವೆ.

ಒಂದು ಎಚ್ಚರ: ರೀಲ್ಸ್ ಮಾಡಿ, ಜಾಗದ ಲೊಕೇಶನ್ ಹಾಕಿ ಎಲ್ಲ ಗ್ರೂಪಿಗೂ ಹಂಚಬೇಡಿ. ಮರುವಾರವೇ ಕಾರಿನಲ್ಲಿ ಕ್ಯಾಮೆರಾದವರು ಬಂದು ಹುಲ್ಲಿನೊಳಗೆ ಗಾಡಿ ನುಗ್ಗಿಸಿದರೆ ಹಕ್ಕಿಗಳು ಜಾಗ ಬಿಡುತ್ತವೆ. ಸಂಖ್ಯೆ ಹಂಚಿ, ದಾರಿ ಹಂಚಬೇಡಿ.

ಬೆಳಿಗ್ಗೆ ಒಂದು ಸುತ್ತು: ಉಂಡೆ ಪರೀಕ್ಷೆ

ಈ ಹಕ್ಕಿಗಳು ಅರಗದ ಭಾಗಗಳನ್ನು ಉಂಡೆ ಮಾಡಿ ಬಾಯಿಂದ ಉಗುಳುತ್ತವೆ. ಬೆಳಿಗ್ಗೆ ಎಂಟರ ಮೇಲೆ, ಹಕ್ಕಿಗಳೆಲ್ಲ ಹೊರಟುಹೋದ ಮೇಲೆ, ಒಬ್ಬಿಬ್ಬರು ಮಾತ್ರ ಹೋಗಿ ನೋಡಿ. ಹುಲ್ಲು ಒತ್ತಿದ ಗುಳಿಗಳ ಹತ್ತಿರ ಹೆಬ್ಬೆರಳ ತುದಿಯಷ್ಟು ದಪ್ಪದ ಬೂದು ಉಂಡೆಗಳು ಸಿಗುತ್ತವೆ. ಕೈಗವಸು ಹಾಕಿಕೊಂಡು ನೀರಲ್ಲಿ ನೆನೆಸಿ ಬಿಡಿಸಿದರೆ ಮಿಡತೆಯ ಕಾಲು, ದವಡೆ, ಜೀರುಂಡೆಯ ಚಿಪ್ಪು, ಇಲಿಯ ಕೂದಲು ಒಂದೊಂದೇ ಕಾಣುತ್ತವೆ. ಆಮೇಲೆ ಸಾಬೂನು ಹಚ್ಚಿ ಕೈ ತೊಳೆಯೋದು ಮರೀಬೇಡಿ. "ಗಿಡುಗದಿಂದ ನಮಗೇನು ಲಾಭ?" ಅಂತ ಕೇಳುವ ಅಣ್ಣನಿಗೆ, ಅಪ್ಪನಿಗೆ ಆ ಬಟ್ಟಲು ತೋರಿಸಿ. ಬಾಯಿಮಾತಿಗಿಂತ ಅದು ಚೆನ್ನಾಗಿ ಮಾತಾಡುತ್ತದೆ.

ಹೊಲದಲ್ಲಿ ನಾವು ಮಾಡಬೇಕಾದ್ದು

ಹುಲ್ಲಿಗೆ ಬೆಂಕಿ ಬೇಡ. ಚಿಗುರು ಬರಲಿ ಅಂತ ಚಳಿಗಾಲದಲ್ಲಿ ಕಾವಲಿಗೆ ಬೆಂಕಿ ಇಡುವ ಪದ್ಧತಿ ಕೆಲವು ಕಡೆ ಇದೆ. ರಾತ್ರಿ ಬೆಂಕಿ ಬಿದ್ದರೆ ನೆಲದ ಮೇಲೆ ಮಲಗಿದ ಹಕ್ಕಿಗೆ ದಿಕ್ಕು ತಪ್ಪುತ್ತದೆ, ಉಳಿದ ಹಂಗಾಮು ಅವು ಅಲ್ಲಿಗೆ ಬರುವುದೂ ಕಷ್ಟ. ಒಣ ಮೇವೂ ಬೂದಿ ಆಗುತ್ತದೆ.

ಹುಲ್ಲು ಕೊಯ್ಯುವುದಿದ್ದರೆ ಪಾಲು ಮಾಡಿ ಕೊಯ್ಯಿರಿ. ಹಕ್ಕಿ ಮಲಗುವ ಒಂದೆರಡು ಎಕರೆಯನ್ನು ಮಾರ್ಚ್ ಕೊನೆವರೆಗೆ ಬಿಟ್ಟು, ಉಳಿದದ್ದನ್ನು ಮೊದಲು ಕೊಯ್ದುಕೊಳ್ಳಿ. ಯುರೋಪಿನಲ್ಲಿ ಇದೇ ಮೊಂಟಾಗು ಹ್ಯಾರಿಯರ್ ಗೋಧಿ ಹೊಲದ ನೆಲದ ಮೇಲೆ ಗೂಡು ಕಟ್ಟುತ್ತದೆ. ಸ್ಪೇನ್, ಫ್ರಾನ್ಸ್, ನೆದರ್‌ಲೆಂಡ್ಸ್‌ನಲ್ಲಿ ಸ್ವಯಂಸೇವಕರು ಗೂಡು ಹುಡುಕಿ ಗುರುತು ಹಾಕುತ್ತಾರೆ, ರೈತರು ಕೊಯ್ಲು ಯಂತ್ರ ಓಡಿಸುವಾಗ ಅಷ್ಟು ಜಾಗ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಅಲ್ಲಿನ ರೈತ ಮೊಟ್ಟೆಗೆ ಜಾಗ ಬಿಡುತ್ತಾನೆ, ನಾವು ನಿದ್ದೆಗೆ ಜಾಗ ಬಿಡಬೇಕು. ಅಷ್ಟೇ ವ್ಯತ್ಯಾಸ.

"ಇರಲಿ ಅಂತ ಒಂದು ಸಲ" ಔಷಧಿ ಹೊಡೆಯುವುದನ್ನು ನಿಲ್ಲಿಸಿ. ಕೀಟ ಎಷ್ಟಿದೆ ಅಂತ ಹೊಲದಲ್ಲಿ ಐದು ಕಡೆ ನೋಡಿ, ನಷ್ಟದ ಮಟ್ಟ ದಾಟಿದ್ದರೆ ಮಾತ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದವರನ್ನು ಕೇಳಿ ಹೊಡೆಯಿರಿ. ಬದು ಮತ್ತು ಬೀಳು ಹುಲ್ಲಿಗೆ ಹೊಡೆಯಬೇಡಿ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸುವುದು ನಮ್ಮ ದೇಶದಲ್ಲಿ 2005ರಿಂದಲೇ ನಿಷೇಧ. 2023ರಲ್ಲಿ ಅದರ 36% ಎಸ್‌ಎಲ್ ದ್ರಾವಣವನ್ನೇ ನಿಲ್ಲಿಸುವ ಆದೇಶವೂ ಬಂದಿದೆ. ಮನೆಯ ಮೂಲೆಯಲ್ಲಿ ಹಳೇ ಬಾಟಲಿ ಇದ್ದರೆ "ಖಾಲಿ ಮಾಡೋಣ" ಅಂತ ಹೊಲಕ್ಕೆ ಒಯ್ಯಬೇಡಿ.

ಇಲಿ ಪಾಷಾಣ ಇಟ್ಟರೆ ಸತ್ತ ಇಲಿಗಳನ್ನು ಆಯ್ದು ಆಳವಾಗಿ ಹೂಳಿ. ಹೊಲದಲ್ಲೇ ಬಿಟ್ಟರೆ ವಿಷ ಗಿಡುಗದ, ಗೂಬೆಯ, ನಿಮ್ಮದೇ ನಾಯಿಯ ಹೊಟ್ಟೆ ಸೇರುತ್ತದೆ.

ಲೆಕ್ಕವನ್ನು ಪಂಚಾಯಿತಿ ಪುಸ್ತಕಕ್ಕೆ ಸೇರಿಸಿ

ಇದು ತುಂಬಾ ಮುಖ್ಯ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಹಕ್ಕಿ, ಬೀಜಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಅನ್ನೋ ಪುಸ್ತಕವೂ ಇರಬೇಕು. ಹೋಗಿ ಕೇಳಿ. ಬೀರುವಿನಲ್ಲಿ ಧೂಳು ಹಿಡಿದು ಕೂತಿದ್ದರೆ ಹೊರಗೆ ತೆಗೆಸಿ. ನಿಮ್ಮ ಎಣಿಕೆಯ ಪ್ರತಿಯನ್ನು ದಿನಾಂಕ, ಸಹಿ ಸಮೇತ ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ಯಾಕೆ ಅಂದರೆ, ನಾಳೆ ಊರ ಗೋಮಾಳವನ್ನು "ಪಾಳು ಜಾಗ, ಏನೂ ಇಲ್ಲ" ಅಂತ ಬೇರೆ ಕೆಲಸಕ್ಕೆ ಕೊಡಲು ಹೊರಟಾಗ ಗ್ರಾಮಸಭೆಯಲ್ಲಿ ಬರೀ ಮಾತು ನಿಲ್ಲುವುದಿಲ್ಲ. "ಮೂರು ವರ್ಷದಿಂದ ಇಷ್ಟಿಷ್ಟು ಹಕ್ಕಿ ಇಲ್ಲಿ ತಂಗಿವೆ, ಇಷ್ಟು ಕುರಿ ಇಲ್ಲಿ ಮೇಯುತ್ತವೆ, ಲೆಕ್ಕ ಇಲ್ಲಿದೆ" ಅಂತ ಪುಸ್ತಕ ತೆರೆದರೆ ಎದುರಿಗಿದ್ದವರು ಉತ್ತರ ಕೊಡಬೇಕಾಗುತ್ತದೆ. ಗೆಲ್ಲುತ್ತೀರಿ ಅಂತ ಖಾತ್ರಿ ಕೊಡೋಕೆ ಆಗಲ್ಲ. ಆದರೆ ಆ ಜಾಗದಲ್ಲಿ "ಏನೂ ಇಲ್ಲ" ಅಂತ ಬರೆಯುವುದು ಅಷ್ಟು ಸುಲಭ ಇರುವುದಿಲ್ಲ.

ಈ ಹಂಗಾಮಿಗೆ ನಿಮ್ಮ ಕೆಲಸ

ಶೀಗೆ ಹುಣ್ಣಿಮೆಯಿಂದ ಶುರು ಮಾಡಿ. ಮೊದಲ ವಾರ ಜಾಗ ಹುಡುಕಿ. ಎರಡನೇ ವಾರ ಮೊದಲ ಎಣಿಕೆ. ಎಳ್ಳಮಾಸಿಗೆ ಮನೆಮಂದಿಯೆಲ್ಲ ಹೊಲಕ್ಕೆ ಬಂದಿರುತ್ತಾರೆ. ಚರಗ ಚೆಲ್ಲಿ ಊಟ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ದೂರದಿಂದ ತೋರಿಸಿ, ಅವರ ಕೈಲೂ ಎಣಿಸಿ. ಫೆಬ್ರವರಿ, ಮಾರ್ಚ್‌ನಲ್ಲಿ ಸಂಖ್ಯೆ ಇಳಿಯುತ್ತಾ ಹೋಗುವುದನ್ನೂ ಬರೆದಿಡಿ. ಕೊನೆಯ ಹಕ್ಕಿ ಕಂಡ ದಿನಾಂಕ ಹಾಕಿ ಪುಸ್ತಕ ಮುಚ್ಚಿ.

ಮುಂದಿನ ವರ್ಷ ಚಿತ್ತಿ ಮಳೆ ಹೊತ್ತಿಗೆ ಅದೇ ಪುಸ್ತಕ ತೆರೆದು, ಅದೇ ಬದುವಿನ ಮೇಲೆ ಕೂರಿ. ಒಂದು ವರ್ಷದ ಲೆಕ್ಕ ಬರೀ ಸುದ್ದಿ. ಐದು ವರ್ಷದ ಲೆಕ್ಕ ಸಾಕ್ಷಿ.